ಹೊಸ ಚಾಕು ಮೂರು, ಅಜ್ಜನ ಪೀಚೆಕತ್ತಿ ಒಂದು

ಪ್ರಶ್ನೆ: ನಾವು ಐದು ಜನ ಗೆಳೆಯರಿಗೆ ಚಾಕು ಕೂಡಿಡುವ ಹುಚ್ಚು. ಪ್ರತಿ ವರ್ಷ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಮುಗಿದ ಮೇಲೆ ಒಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ, ಆ ವರ್ಷ ಹೊಸದಾಗಿ ಬಂದದ್ದನ್ನು ತೋರಿಸುತ್ತೇವೆ. ಈ ಸಲ ನನ್ನ ಬಳಿ ಮೂರು ಹೊಸದಿವೆ. ಒಪಿನೆಲ್ ನಂಬರ್ 8 (ಮರದ ಹಿಡಿಯ, ಮಡಚುವ ಫ್ರೆಂಚ್ ಚಾಕು, ಕಾರ್ಬನ್ ಸ್ಟೀಲಿನದು), ಡಿ2 ಸ್ಟೀಲಿನ ಮಡಚುವ ಚಾಕು, ಕೊಂಬಿನ ಹಿಡಿಯ ‘ಡಮಾಸ್ಕಸ್’ ಬೇಟೆ ಚಾಕು. ಜೊತೆಗೆ ಅಟ್ಟದಲ್ಲಿ ಅಜ್ಜನ ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಗಿಸುವ ಗಿಡ್ಡ ಕತ್ತಿ) ಸಿಕ್ಕಿದೆ. ಬೆಳ್ಳಿ ಕಪ್ಪಾಗಿದೆ, ಅಲಗು ಒರೆಯಿಂದ ಅರ್ಧ ಮಾತ್ರ ಹೊರಗೆ ಬರುತ್ತದೆ. ಅದಕ್ಕೆ ಬಫ್ ಹೊಡೆಸಿ ಹೊಳಪು ಕೊಡಿಸಬೇಕು ಅಂತಿದ್ದೇನೆ. ಈ ಮಳೆಯಲ್ಲಿ ಒಪಿನೆಲ್ ಬಿಡಿಸೋಕೇ ಆಗುತ್ತಿಲ್ಲ, ಡಿ2 ಮೇಲೆ ಚುಕ್ಕೆ ಬಂದಿದೆ. ಡಮಾಸ್ಕಸ್ ಅಸಲಿಯೋ ನಕಲಿಯೋ ಗೊತ್ತಾಗುವುದು ಹೇಗೆ? ಮುಂದೆ ಯಾವುದು ಕೊಳ್ಳಲಿ? – ಕೊಡಗಿನ ಸಿದ್ದಾಪುರದ ಕಡೆಯ ಓದುಗರು

ಉತ್ತರ:

ಮೊದಲು ಆ ಬಫ್ ಹೊಡೆಸುವ ಯೋಚನೆ ಬಿಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಇಷ್ಟು ಗಡಿಬಿಡಿ ಯಾಕೆ ಅಂದರೆ, ಈ ತಪ್ಪನ್ನು ನಾನೇ ಮಾಡಿದ್ದೇನೆ. ಸಾಣೆ ಕೆಲಸ ಕಲಿತ ಹೊಸತು. ನೆಂಟರೊಬ್ಬರು ಮದುವೆಗೆ ಮುಂಚೆ ಮನೆಯ ಪೀಚೆಕತ್ತಿ ತಂದು ಕೊಟ್ಟರು. ಮದುಮಗನ ಸೊಂಟಕ್ಕೆ ಸಿಗಿಸಬೇಕು, ಸ್ವಲ್ಪ ಹೊಳೆಯೋ ಹಾಗೆ ಮಾಡು ಅಂದರು. ನಾನು ಒರೆಯ ಬೆಳ್ಳಿ ತಗಡನ್ನು ಬಫ್ ಚಕ್ರಕ್ಕೆ ಹಿಡಿದೆ. ಒಂದು ನಿಮಿಷವೂ ಆಗಿರಲಿಲ್ಲ. ಕಪ್ಪು ಹೋಯಿತು, ಬೆಳ್ಳಿ ಕನ್ನಡಿ ಥರ ಆಯಿತು. ಆಮೇಲೆ ಬೆಳಕಿಗೆ ಹಿಡಿದು ನೋಡಿದರೆ, ತಗಡಿನ ಮೇಲೆ ಉಳಿಯಿಂದ ಕೆತ್ತಿದ್ದ ಬಳ್ಳಿಯ ಎಲೆಗಳಿಗೆ ನರಗಳೇ ಇಲ್ಲ. ಎಲೆ ಹೋಗಿ ಬರೀ ಉಬ್ಬು ಉಳಿದಿತ್ತು. ಮನೆಯವರು ಏನೂ ಅನ್ನಲಿಲ್ಲ, ‘ಚೆನ್ನಾಗಿ ಹೊಳೀತಿದೆ’ ಅಂತಲೇ ತಗೊಂಡು ಹೋದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಗುಲಿ ಆಗುವ ಪದರ ಅದು. ಕೆತ್ತನೆಯ ತಗ್ಗಿನಲ್ಲಿ ಆ ಕಪ್ಪು ಕೂತಿದ್ದರೇ ಚಿತ್ತಾರ ಕಣ್ಣಿಗೆ ಕಾಣುವುದು. ಮೆತ್ತನೆಯ ಹಳೇ ಹತ್ತಿ ಬಟ್ಟೆಯಲ್ಲಿ, ಒಣಗಿದ್ದರಲ್ಲೇ, ಉಬ್ಬಿದ ಜಾಗ ಮಾತ್ರ ಉಜ್ಜಿ. ಉಬ್ಬು ಬೆಳ್ಳಗೆ, ತಗ್ಗು ಕಪ್ಪಗೆ. ಅಷ್ಟು ಸಾಕು. ಹುಣಸೆಹಣ್ಣು, ಟೂತ್‌ಪೇಸ್ಟ್, ವಿಭೂತಿ ಇವೆಲ್ಲ ಬೇಡ. ಟೂತ್‌ಪೇಸ್ಟ್ ಅಂದರೆ ಸಣ್ಣ ಮರಳು. ಹುಣಸೆ ನೀರು ತಗಡಿನ ಸಂದಿಯಿಂದ ಒಳಗಿನ ಮರಕ್ಕೆ ಇಳಿಯುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದರೆ ಇವತ್ತೇ ಬಿಚ್ಚಿ. ಅದರಲ್ಲೂ ಗಂಧಕ ಇರುತ್ತದೆ. ಸುತ್ತಿದ ಜಾಗದಲ್ಲಿ ಕಪ್ಪು ಪಟ್ಟೆ ಬಿದ್ದೇ ಬೀಳುತ್ತದೆ.

ಈಗ ಸಿಕ್ಕಿಕೊಂಡ ಅಲಗು. ಎಳೆಯಬೇಡಿ. ಒರೆಯ ಮರ ತೇವ ಹೀರಿ ಉಬ್ಬಿದೆ, ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಎರಡೂ ಸೇರಿವೆ. ಒಣಗಿದ ಕೋಣೆಯಲ್ಲಿ, ಬಟ್ಟೆಯ ಮೇಲೆ ಎರಡು ಮೂರು ವಾರ ಸುಮ್ನೆ ಬಿಡಿ. ಬಿಸಿಲಿಗೂ ಬೇಡ, ಒಲೆಯ ಹತ್ತಿರವೂ ಬೇಡ. ಬೇಗ ಒಣಗಿದರೆ ಹಳೇ ಮರ ಸೀಳುತ್ತದೆ. ಆಮೇಲೆ ಒರೆಯ ಬಾಯಿಯನ್ನು ಮೇಲೆ ಮಾಡಿ ಹಿಡಿದು, ಅಲಗಿನ ಬೆನ್ನಿನ ಗುಂಟ ಹೊಲಿಗೆ ಮಿಷನ್ ಎಣ್ಣೆ ನಾಲ್ಕು ಹನಿ ಬಿಡಿ. ಒಂದು ರಾತ್ರಿ ಕಾಯಿರಿ. ನೇರವಾಗಿ ಎಳೆಯಿರಿ, ತಿರುಚಬೇಡಿ.

ಹಿಡಿಯುವ ರೀತಿ ಗೊತ್ತಿರಲಿ. ಎಡಗೈಯಲ್ಲಿ ಒರೆ ಹಿಡಿದಾಗ ಬೆರಳುಗಳು ಅಲಗಿನ ಬಾಯಿಯ (ಹರಿತ ಅಂಚಿನ) ಕಡೆ ಸುತ್ತಿಕೊಂಡಿರಬಾರದು. ಬೆನ್ನಿನ ಕಡೆಯಿಂದ, ಇಕ್ಕಳ ಹಿಡಿದ ಹಾಗೆ, ಎರಡು ಪಕ್ಕೆ ಮಾತ್ರ ಒತ್ತಿ ಹಿಡಿಯಬೇಕು. ಹಳೇ ಒರೆ ಅಂಟು ಬಿಟ್ಟು ತೆರೆದುಕೊಂಡರೆ ಅಲಗು ಸೀದಾ ಬೆರಳಿನ ಮೇಲೇ ಬರುತ್ತದೆ. ಈ ಥರ ಬೆರಳು ಕೊಯ್ದುಕೊಂಡವರನ್ನು ನೋಡಿದ್ದೇನೆ. ಆಗಲೂ ಬರದಿದ್ದರೆ ಹಾಗೇ ಇಡಿ. ಅರ್ಧ ಹೊರಬಂದ ಪೀಚೆಕತ್ತಿಯೂ ಪೀಚೆಕತ್ತಿಯೇ.

ಅಲಗು ಬಂದರೆ ಬಿಳಿ ಬಟ್ಟೆಗೆ ಎಣ್ಣೆ ಹಾಕಿ ಒರೆಸಿ ನೋಡಿ. ಕೆಂಪು ಪುಡಿ ಬಂದರೆ ಆ ತುಕ್ಕು ಇನ್ನೂ ತಿನ್ನುತ್ತಿದೆ ಅಂತ. ಎಣ್ಣೆಯಲ್ಲಿ ನೆನೆಸಿ, ಬಿದಿರಿನ ಸೀಳಿನಿಂದ ಮೆಲ್ಲಗೆ ಕೆರೆಯಿರಿ. ಬಿದಿರು ಕಬ್ಬಿಣಕ್ಕಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಕಂದು ಕಪ್ಪು ಬಣ್ಣ ಗಟ್ಟಿಯಾಗಿ ಕೂತಿದ್ದು, ಬಟ್ಟೆಗೆ ಏನೂ ಬರದಿದ್ದರೆ ಅದು ಕಬ್ಬಿಣದ ಹಳೇ ಚರ್ಮ. ಅದನ್ನು ತೆಗೆಯಬೇಡಿ. ಮಸೆಯಲೂ ಬೇಡಿ. ಅಜ್ಜ ಅದರಲ್ಲಿ ಏನನ್ನಾದರೂ ಕೊಯ್ದಿದ್ದರೆ ಅವರು ಮಸೆದ ಗೆರೆ ಬಾಯಿಯ ಮೇಲೆ ಇನ್ನೂ ಇರಬಹುದು.

ಒರೆಯಿಂದ ಇಳಿಬಿದ್ದಿರುವ ಬೆಳ್ಳಿ ಸರಪಳಿಯನ್ನೂ ನೋಡಿ. ಎಷ್ಟೋ ಪೀಚೆಕತ್ತಿಗಳಲ್ಲಿ ಅದರ ತುದಿಗೆ ಕಿರುಬೆರಳಿಗಿಂತ ಸಣ್ಣ ಸಲಕರಣೆಗಳು ಇರುತ್ತವೆ: ಚಿಮುಟ, ಕಿವಿಗುಗ್ಗೆ ತೆಗೆಯುವ ಕಡ್ಡಿ, ಉಗುರು ಸ್ವಚ್ಛ ಮಾಡುವ ಮೊನೆ. ಯೋಧನ ಕತ್ತಿಯಲ್ಲಿ ಕಿವಿ ಕಡ್ಡಿ! ನನಗಂತೂ ಇಡೀ ಕತ್ತಿಯಲ್ಲಿ ಅದೇ ಇಷ್ಟ. ಕೆಲವು ಬಿದ್ದುಹೋಗಿ ಬರೀ ಕೊಂಡಿ ಉಳಿದಿರಬಹುದು. ಹೊಸದು ಮಾಡಿಸಿ ಸೇರಿಸಬೇಡಿ. ಎಷ್ಟು ಕೊಂಡಿ ಇದೆ, ಎಷ್ಟು ಸಲಕರಣೆ ಉಳಿದಿದೆ, ಒಂದು ಪುಸ್ತಕದಲ್ಲಿ ಬರೆದಿಡಿ.

ಗೆಳೆಯರ ಬಳಿ ಹೇಳಿಕೊಳ್ಳಲು ಒಂದು ವಿಷಯ. ಹೊರದೇಶದ ಹರಾಜಿನವರು ಇದನ್ನು ‘ಪಿಚಂಗತ್ತಿ’ ಅಂತ ಬರೆಯುತ್ತಾರೆ. ನಮ್ಮ ಒಡಿಕತ್ತಿ ಅವರ ಬಾಯಲ್ಲಿ ‘ಆಯ್ದ ಕತ್ತಿ’. ಆಯುಧ ಅನ್ನೋದು ಸವೆದು ಆಯ್ದ ಆಗಿದೆ. ಒಡಿಕತ್ತಿಯ ಅಗಲವಾದ ಅಲಗು ಕುಡುಗೋಲಿನ ಹಾಗೆ ಒಳಬಾಗಿದ ಕಡೆ ಹರಿತ. ಅದಕ್ಕೆ ಒರೆ ಇಲ್ಲ, ಬೆನ್ನ ಹಿಂದೆ ಹಿತ್ತಾಳೆಯ ತೊಡಂಗ್‌ಗೆ (ಕೊಕ್ಕೆಗೆ) ಬರೀ ಅಲಗನ್ನೇ ಸಿಗಿಸುವುದು. ಪೀಚೆಕತ್ತಿ ಮುಂದೆ, ಕುಪ್ಯದ (ಉದ್ದ ಕೋಟಿನ) ಮೇಲೆ ಕಟ್ಟಿದ ಕೆಂಪು ಚೇಲೆಯೊಳಗೆ (ಸೊಂಟಪಟ್ಟಿಯೊಳಗೆ). ಮದುವೆಯಲ್ಲಿ ಬಾಳೆ ಕಡಿಯುವುದು ಒಡಿಕತ್ತಿಯಲ್ಲೇ. ಇನ್ನು ಕಾಲದ ಮಾತು. ಹಳೇ ಕತ್ತಿ ಮಾರುವವರನ್ನು ಕೇಳಿದರೆ ಎಲ್ಲವೂ ಕೊಡಗಿನ ಹಿಂದಿನ ಅರಸ ದೊಡ್ಡ ವೀರರಾಜೇಂದ್ರನ ಕಾಲದ್ದೇ. ನಂಬಬೇಡಿ. ಅಜ್ಜನಿಗೆ ಅದು ಯಾರಿಂದ ಬಂತು ಅಂತ ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದಷ್ಟನ್ನೇ ಬರೆದುಕೊಳ್ಳಿ.

ಈಗ ಮಳೆಗೆ ಬರೋಣ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಲ್ಟು, ಶೂ, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಷ್ಟು ಹಿಡಿಯುವ ಊರು ನಮ್ಮದು. ಇಂಥಲ್ಲಿ ಚಾಕುವನ್ನು ಹೆಚ್ಚು ಕೆಡಿಸುವುದು ಮಳೆಯಲ್ಲ, ಚರ್ಮದ ಒರೆ. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ. ಹದ ಮಾಡುವಾಗ ಹಾಕಿದ ಉಪ್ಪು, ಹುಳಿ ಅಂಶಗಳೂ ಅದರಲ್ಲಿರುತ್ತವೆ. ‘ಒರೆಯಲ್ಲಿದೆ, ಭದ್ರವಾಗಿದೆ’ ಅಂತ ನೀವು ಅಂದುಕೊಂಡಿರುತ್ತೀರಿ. ಒಳಗೆ ಅಲಗು ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಾಗಿರುತ್ತದೆ. ಮಳೆಗಾಲದಲ್ಲಿ ಚಾಕು ಬೇರೆ, ಒರೆ ಬೇರೆ ಇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಎಣ್ಣೆ ಸವರಿದ ಚಾಕು ಇಟ್ಟರೆ ಆಯಿತು. ಬಣ್ಣ ಬದಲಾಗುವ ಸಿಲಿಕಾ ಜೆಲ್ ಸಿಕ್ಕರೆ ಒಳ್ಳೆಯದು. ತೇವ ತುಂಬಿದಾಗ ಬಣ್ಣವೇ ಹೇಳುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಎಣ್ಣೆ ಯಾವುದು? ಎಲ್ಲರ ಮನೆಯಲ್ಲೂ ಕೈಗೆ ಸಿಗುವುದು ತೆಂಗಿನೆಣ್ಣೆ. ಅದು ಬೇಡ. 24 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಅದು ಹೆಪ್ಪುಗಟ್ಟುತ್ತದೆ. ನಮ್ಮ ಮಳೆಗಾಲದ ಚಳಿಗೆ ಅಲಗಿನ ಮೇಲೆ ಬಿಳಿ ಗಂಟು ಗಂಟಾಗಿ ನಿಲ್ಲುತ್ತದೆ, ಮಧ್ಯೆ ಮಧ್ಯೆ ಬರಿಯ ಕಬ್ಬಿಣ. ಇಟ್ಟಷ್ಟು ದಿನ ಕಮಟು ಬೇರೆ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತಂದಿಡಿ. ಕೆಡುವುದಿಲ್ಲ, ವಾಸನೆ ಇಲ್ಲ, ಹಣ್ಣು ಕೊಯ್ಯುವ ಚಾಕುವಿಗೂ ಸವರಬಹುದು. ಬಟ್ಟೆಯಲ್ಲಿ ಒಂದು ಹನಿ, ಕಣ್ಣಿಗೆ ಕಾಣದಷ್ಟು ತೆಳುವಾಗಿ.

ಕೈಲ್‌ಪೊಳ್ದ್ ಪೂಜೆಯ ದಿನವೂ ಜಾಗ್ರತೆ. ಸೆಪ್ಟೆಂಬರ್ 3ಕ್ಕೆ ಕೋವಿ, ಕತ್ತಿಗಳನ್ನೆಲ್ಲ ಇಟ್ಟು ಗಂಧ ಹಚ್ಚಿ, ತೋಕ್‌ಪೂ (ಕೋವಿ ಹೂವು) ಸಿಗಿಸುತ್ತೀರಿ. ಕಡುಂಬಿಟ್ಟು, ಪಂದಿಕರಿ ಊಟ ಆಗುತ್ತದೆ, ನೆಂಟರು ಬರುತ್ತಾರೆ. ಕತ್ತಿಯ ಮೇಲಿನ ಗಂಧ ಮಾತ್ರ ಮೂರು ದಿನ ಹಾಗೇ ಉಳಿಯುತ್ತದೆ. ಗಂಧ ಅಂದರೆ ನೀರಲ್ಲಿ ಕಲಸಿದ ಪುಡಿ. ಅದು ಕೂತ ಜಾಗದಲ್ಲಿ ದುಂಡನೆಯ ತುಕ್ಕಿನ ಬೊಟ್ಟು ಮೂಡುತ್ತದೆ. ಎಷ್ಟೋ ಮನೆಯ ಒಡಿಕತ್ತಿಗಳ ಮೇಲೆ ಆ ಬೊಟ್ಟುಗಳನ್ನು ನೋಡಿದ್ದೇನೆ. ಅವತ್ತು ಸಂಜೆಯೇ ಒರೆಸಿ, ಎಣ್ಣೆ ಸವರಿ. ಹಿರಿಯರು ಬೇಡ ಅನ್ನುವುದಿಲ್ಲ, ಕೇಳಿ ನೋಡಿ.

ಒಪಿನೆಲ್ ಬಿಗಿಯಾಗಿರುವುದಕ್ಕೆ ಗಾಬರಿಯಾಗಬೇಡಿ. ಅದರ ಹಿಡಿ ಬೀಚ್ ಮರದ್ದು. ತೇವಕ್ಕೆ ಉಬ್ಬಿ ಅಲಗನ್ನು ಕಚ್ಚುತ್ತದೆ. ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಶುರು ಮಾಡಿದ ಚಾಕು ಇದು. ಅಲ್ಲಿಯವರಿಗೂ ಈ ತೊಂದರೆ ಇತ್ತು, ಉಪಾಯವೂ ಅವರದ್ದೇ ಇದೆ. ಕುತ್ತಿಗೆಯ ಉಂಗುರವನ್ನು ತಿರುಗಿಸಿ ಬೀಗ ತೆಗೆದುಕೊಳ್ಳಿ (ಆ ಉಂಗುರ ಬಂದದ್ದು 1955ರಲ್ಲಿ). ಆಮೇಲೆ ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಟಕ್ ಅಂತ ಕುಟ್ಟಿ. ಅಲಗಿನ ತುದಿ ಉಗುರಿಗೆ ಸಿಗುವಷ್ಟು ಮೇಲೆ ಬರುತ್ತದೆ. ಇಕ್ಕಳ ಹಾಕಿ ಎಳೆಯಬೇಡಿ. ಡಿಸೆಂಬರ್‌ನಲ್ಲಿ ಹಿಡಿ ಪೂರ್ತಿ ಒಣಗಿದ ಮೇಲೆ, ಸೀಳಿನ ಒಳಗೂ ಸೇರಿ ಅಗಸೆ ಎಣ್ಣೆಯನ್ನು ಎರಡು ಮೂರು ಸಲ ಕುಡಿಸಿ. ಮುಂದಿನ ಮಳೆಗೆ ಅಷ್ಟು ಉಬ್ಬುವುದಿಲ್ಲ.

ಕಾರ್ಬನ್ ಅಲಗಿನ ಮೇಲೆ ಬೂದು ನೀಲಿ ಬಣ್ಣ ಬರುತ್ತಿದ್ದರೆ ಉಜ್ಜಬೇಡಿ. ಅದು ಕೆಂಪು ತುಕ್ಕನ್ನು ಸ್ವಲ್ಪ ತಡೆಯುವ ಬಣ್ಣ. ಬೇಗ ಬರಬೇಕಾದರೆ ನಮ್ಮೂರಿನ ದಾರಿ ಇದೆ. ಹಾಲು, ಸಕ್ಕರೆ ಹಾಕದ ಗಟ್ಟಿ ಕಾಫಿ ಡಿಕಾಕ್ಷನ್. ಅಲಗನ್ನು ಸೋಪಿನಲ್ಲಿ ತೊಳೆದು ಜಿಡ್ಡು ತೆಗೆದು, ಆರಿದ ಡಿಕಾಕ್ಷನ್ನಿನಲ್ಲಿ ಹಿಡಿ ಮುಳುಗದ ಹಾಗೆ ಮೂರು ನಾಲ್ಕು ಗಂಟೆ ಇಳಿಬಿಡಿ. ಕಾಫಿಯ ಹುಳಿಗೆ ಅಲಗು ಕಪ್ಪಾಗುತ್ತದೆ. ನಾನೊಮ್ಮೆ ಕಾಚಂಪುಳಿಯಲ್ಲೂ (ಕೊಡಗಿನ ಗಟ್ಟಿ ಕಪ್ಪು ಹುಳಿ ರಸ) ಮಾಡಿ ನೋಡಿದೆ. ಅಂಟಂಟಾಗಿ, ಬೊಕ್ಕೆ ಎದ್ದ ಹಾಗೆ ಮಚ್ಚೆ ಮಚ್ಚೆ ಆಯಿತು. ಕಾಚಂಪುಳಿ ಪಂದಿಕರಿಗೇ ಇರಲಿ.

ಡಿ2 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿ ಸುಮಾರು 12% ಕ್ರೋಮಿಯಂ ಇದೆ, 1.5% ಕಾರ್ಬನ್ ಇದೆ. ಆ ಕಾರ್ಬನ್ ಕ್ರೋಮಿಯಮ್ಮಿನ ಒಂದು ಪಾಲನ್ನು ಹಿಡಿದುಕೊಂಡು ಗಟ್ಟಿ ಕಣಗಳಾಗುತ್ತದೆ. ತುಕ್ಕು ತಡೆಯಲು ಉಳಿಯುವುದು ಕಮ್ಮಿ. ಅದಕ್ಕೇ ಚುಕ್ಕೆ ಬಂದದ್ದು. ನಿಮಗೆ ಮೋಸ ಆಗಿಲ್ಲ. ಆ ಕಣಗಳಿಂದಲೇ ಹರಿತ ಬಹಳ ದಿನ ನಿಲ್ಲುತ್ತದೆ. ಅವುಗಳಿಂದಲೇ ಮನೆಯ ಸಾಣೆಕಲ್ಲಿಗೆ ಅದು ಬಗ್ಗುವುದೂ ಇಲ್ಲ. ಡೈಮಂಡ್ ಪ್ಲೇಟ್ ಒಂದು ಕೊಳ್ಳಿ.

ಈಗ ಡಮಾಸ್ಕಸ್. ಇದರಲ್ಲಿ ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರು ಸೇರಿಕೊಂಡಿದೆ. ಹಳೇ ಕಾಲದ ಡಮಾಸ್ಕಸ್ ಕತ್ತಿಗೆ ಹೆಸರು ತಂದದ್ದು ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು. ಅದರ ದೊಡ್ಡ ಮೂಲ ನಮ್ಮ ದಕ್ಷಿಣ ಭಾರತವೇ. ಇಂಗ್ಲಿಷರು ಅದನ್ನು ‘ವೂಟ್ಜ್’ ಅಂದರು. ನಮ್ಮ ‘ಉಕ್ಕು’ ಅನ್ನೋ ಮಾತೇ ಅವರ ಬರವಣಿಗೆಯಲ್ಲಿ ಹಾಗಾಯಿತು ಅನ್ನುವುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಮೇಲೆ ಪ್ರಬಂಧ ಓದಿದರು. ಮುಂದೆ ಮೈಕೆಲ್ ಫ್ಯಾರಡೆ ಕೂಡ ಇದರ ಗುಟ್ಟು ಹುಡುಕಲು ಕೂತರು. ಅದರ ಅಲೆಯಂಥ ಗೆರೆಗಳು ಉಕ್ಕಿನೊಳಗೇ ತಾವಾಗಿ ಹುಟ್ಟಿದವು.

ಇವತ್ತು ಡಮಾಸ್ಕಸ್ ಅಂತ ಮಾರುವುದು ಬೇರೆ. ಎರಡು ಬಗೆಯ ಸ್ಟೀಲ್ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿದು ಬೆಸೆಯುವುದು. ಒಂದರಲ್ಲಿ ನಿಕ್ಕಲ್ ಇರುತ್ತದೆ, ಆಸಿಡ್‌ನಲ್ಲಿ ಅದ್ದಿದಾಗ ಅದು ಬೆಳ್ಳಗೆ ಉಳಿಯುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಚೆನ್ನಾಗಿ ಮಾಡಿದರೆ ಅದೂ ಒಳ್ಳೆಯ ಚಾಕುವೇ. ನಕಲಿ ಅಂದರೆ ಸಾದಾ ಅಲಗಿನ ಮೇಲೆ ಲೇಸರ್‌ನಲ್ಲೋ ಆಸಿಡ್‌ನಲ್ಲೋ ಬರೀ ಚಿತ್ತಾರ ಬಿಡಿಸಿದ್ದು.

ಪರೀಕ್ಷೆ ಸುಲಭ. ಮೊದಲು ಅಲಗಿನ ಬೆನ್ನು ನೋಡಿ. ಪಕ್ಕೆಯ ಗೆರೆಗಳು ಬೆನ್ನು ಹತ್ತಿ ಆಚೆ ಪಕ್ಕೆಗೆ ಇಳಿಯಬೇಕು. ಬೆನ್ನು ಬೋಳಾಗಿದ್ದರೆ ಅನುಮಾನ. ಆಮೇಲೆ ಹಿಡಿಯ ಬುಡದಲ್ಲಿ, ಕಾಣದ ಕಡೆ, ಅಕ್ಕಿಕಾಳಿನಷ್ಟು ಜಾಗವನ್ನು 600 ನಂಬರಿನ ಎಮರಿ ಕಾಗದದಲ್ಲಿ ಚಿತ್ತಾರ ಅಳಿಯುವವರೆಗೆ ಉಜ್ಜಿ. ಬೆಚ್ಚನೆಯ ವಿನೆಗರ್‌ನಲ್ಲಿ ಅದ್ದಿದ ಹತ್ತಿಯನ್ನು ಅರ್ಧ ಗಂಟೆ ಇಡಿ. ಗೆರೆ ಮಬ್ಬಾಗಿಯಾದರೂ ಮತ್ತೆ ಮೂಡಿದರೆ ಅದು ಮೈಯೊಳಗಿನ ಗೆರೆ. ಮೂಡದೆ ಬರೀ ಬೂದು ಆದರೆ ಮೇಲಿನ ಬಣ್ಣ. ಅಸಲಿ ಆದರೂ ಅದು ಯಾವ ಯಾವ ಸ್ಟೀಲು ಅಂತ ಮಾರಿದವರು ಬರೆದು ಕೊಟ್ಟಿದ್ದಾರಾ? ಕೊಟ್ಟಿಲ್ಲ ಅಂದರೆ ತೋರಿಸಲಿಕ್ಕೆ ಇಡಿ, ಕಡಿಯಲಿಕ್ಕೆ ಬೇಡ.

ಆ ಚಾಕುವಿನ ಅಲಗಿಗಿಂತ ಹಿಡಿ ನನಗೆ ಜಾಸ್ತಿ ಚಿಂತೆ. ಕೊಂಬು ಅಂದರೆ ಯಾವ ಕೊಂಬು? ಎಮ್ಮೆ ಕೊಂಬಾದರೆ ತೊಂದರೆ ಇಲ್ಲ. ಕಡವೆ, ಜಿಂಕೆ ಕೊಂಬಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅದರ ವ್ಯಾಪಾರವೇ ಅಪರಾಧ. ‘ಕಾಡಿನಲ್ಲಿ ತಾನಾಗಿ ಬಿದ್ದ ಕೊಂಬು, ಪರವಾಗಿಲ್ಲ’ ಅಂತ ಮಾರುವವರು ಹೇಳುತ್ತಾರೆ, ಕೇಳಬೇಡಿ. ಎಮ್ಮೆ ಕೊಂಬು ನುಣುಪು, ಪದರ ಪದರ. ಕಡವೆ ಕೊಂಬಿನ ಮೇಲೆ ಮರದ ತೊಗಟೆಯಂಥ ಗೀರುಗಳು. ಕತ್ತರಿಸಿದ ತುದಿಯ ನಡುವೆ ಮೂಳೆಯ ಹಾಗೆ ಸಣ್ಣ ಸಣ್ಣ ತೂತು. ಹಾಗೇ ಅಜ್ಜನ ಪೀಚೆಕತ್ತಿಯ ಹಿಡಿಯಲ್ಲಿ ದಂತ ಇದೆಯಾ ಅಂತಲೂ ನೋಡಿ. ಇದ್ದರೆ ಮನೆಯಲ್ಲಿ ಮಾಲೀಕತ್ವದ ಪ್ರಮಾಣಪತ್ರ ಇದೆಯಾ ಹುಡುಕಿ. ಇಲ್ಲದಿದ್ದರೆ ಫೋಟೋ ಹಾಕಿ ಹಂಚುವ ಮುಂಚೆ ವಕೀಲರ ಬಳಿ ಮಾತಾಡಿ.

ಕಾನೂನಿನ ಇನ್ನೆರಡು ಮಾತು. ಆಯುಧ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಹರಿತ, ಅಪಾಯಕಾರಿ ಆಯುಧಗಳ ಗುಂಪಿಗೆ ಸೇರಿಸುತ್ತವೆ. ಮನೆಗೆ, ಬೇಸಾಯಕ್ಕೆ ಅಂತ ಮಾಡಿದವು ಅದರಲ್ಲಿ ಬರುವುದಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷಕ್ಕೆ ಮುಂದುವರಿಸಿತು. ಅದನ್ನು ನೆನೆದು ಒಡಿಕತ್ತಿ ಹಿಡಿದು ಬೆಂಗಳೂರು ಬಸ್ ಹತ್ತಬೇಡಿ. ಇನ್ನೊಂದು, 100 ವರ್ಷ ದಾಟಿದ ಕತ್ತಿಯನ್ನು ಅಮೆರಿಕದಲ್ಲಿರುವ ತಮ್ಮನಿಗೆ ಕಳಿಸುವ ಹಾಗಿಲ್ಲ. ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ.

ಮುಂದೆ ಏನು ಕೊಳ್ಳಲಿ ಅಂದಿರಿ. ಇನ್ನೊಂದು ಮಡಚುವ ಚಾಕು ಬೇಡ. ನಿಮ್ಮ ತೋಟಕ್ಕೆ ಕತ್ತಿ ಮಾಡಿಕೊಡುವ ಆಚಾರಿಯ ಕುಲುಮೆಗೆ ಹೋಗಿ ಒಂದು ಕಪಾತು ಕತ್ತಿ (ಗಿಡದ ಕೊಂಬೆ ಸವರುವ ಕತ್ತಿ) ಮಾಡಿಸಿ. ನಿಮ್ಮ ಗೆಳೆಯರಲ್ಲಿ ಯಾರ ಹತ್ತಿರವೂ ಅದು ‘ಸಂಗ್ರಹ’ದಲ್ಲಿ ಇರಲಿಕ್ಕಿಲ್ಲ. ಎಲ್ಲರ ಮನೆಯ ಕೊಟ್ಟಿಗೆಯಲ್ಲಿ ಇರುತ್ತದೆ, ಅಲ್ವಾ? ಅದನ್ನು ಮಾಡುವ ಲಾರಿ ಸ್ಪ್ರಿಂಗ್ ಪ್ಲೇಟಿನಲ್ಲಿ ಸುಮಾರು 0.6% ಕಾರ್ಬನ್. ನಿಮ್ಮ ಡಿ2ರ ಅರ್ಧಕ್ಕಿಂತ ಕಮ್ಮಿ. ಹರಿತ ಬೇಗ ಹೋಗುತ್ತದೆ, ನಿಜ. ಆದರೆ ಸಿಲ್ವರ್ ಓಕ್ ಕೊಂಬೆಗೆ ಬೀಸಿದಾಗ ಡಿ2 ಬಾಯಿ ಚಕ್ಕೆ ಏಳಬಹುದು. ಇದು ಬಗ್ಗೀತು, ಮುರಿಯಲ್ಲ. ಸಂಜೆ ಕಲ್ಲಿಗೆ ನಾಲ್ಕು ಎಳೆ ಎಳೆದರೆ ಮತ್ತೆ ತಯಾರು.

ಸುಮ್ನೆ ‘ಒಂದು ಕತ್ತಿ ಮಾಡಿ’ ಅನ್ನಬೇಡಿ. ನಿಮ್ಮ ಮನೆಯ ಆಳು ಇಷ್ಟಪಡುವ ಹಳೇ ಕತ್ತಿ ತೆಗೆದುಕೊಂಡು ಹೋಗಿ, ಅದೇ ಬಾಗು, ಅದೇ ತೂಕ ಅಂತ ಹೇಳಿ. ನೀವು ಎಡಚರಾದರೆ ಮೊದಲೇ ಹೇಳಿ, ಯಾಕೆಂದರೆ ಒಂದೇ ಪಕ್ಕೆಗೆ ಸಾಣೆ ಹಿಡಿಯುವ ಕತ್ತಿ ಎಡಗೈಗೆ ಜಾರುತ್ತದೆ. ಹದ ಹಾಕುವ ಹೊತ್ತಿಗೆ ಅಲ್ಲೇ ನಿಂತಿರಿ. ಕೆಂಪಗೆ ಕಾದ ಅಲಗು ತಣಿಸುವ ತೊಟ್ಟಿಯೊಳಗೆ ಇಳಿದು ಚುಯ್ ಅನ್ನುವಾಗ ಆಚಾರಿ ಮಾತು ನಿಲ್ಲಿಸುತ್ತಾರೆ. ಅಲಗಿನ ಬಣ್ಣ ಒಂದನ್ನೇ ನೋಡುತ್ತಿರುತ್ತಾರೆ. ತಣ್ಣಗಾದ ಮೇಲೆ ಬಾಯಿಗೆ ಅರ ಇಟ್ಟು ಎಳೆದು ನೋಡಿ. ಅರ ಕಚ್ಚದೆ ಜಾರಿದರೆ ಹದ ಕೂತಿದೆ. ಆಮೇಲೆ ಅದನ್ನು ಮತ್ತೆ ಸ್ವಲ್ಪ ಕಾಯಿಸಿ ಬಿಗಿ ಇಳಿಸುತ್ತಾರೆ, ಇಲ್ಲದಿದ್ದರೆ ಗಾಜಿನ ಹಾಗೆ ಒಡೆಯುತ್ತದೆ. ಹಿಡಿಗೆ ತೋಟದಲ್ಲಿ ಕಿತ್ತು ಹಾಕಿದ ಹಳೇ ಕಾಫಿ ಗಿಡದ ಬೊಡ್ಡೆ ಕೊಡಿ. ಗಟ್ಟಿ ಮರ, ಒಳ್ಳೆಯ ಎಳೆ.

ಭಾನುವಾರ ಎಲ್ಲರೂ ಸೇರಿದಾಗ ಮೇಜಿನ ಮೇಲೆ ಒಂದು ಎಣ್ಣೆ ಬಟ್ಟೆ ಇಟ್ಟಿರಿ. ಪ್ರತಿಯೊಬ್ಬರೂ ಅಲಗಿನ ಮೇಲೆ ಬೆರಳಾಡಿಸುತ್ತಾರೆ, ಬೇಡ ಅಂದರೂ ಕೇಳುವುದಿಲ್ಲ. ಬೆವರಿನ ಉಪ್ಪಿಗೆ ಬೆಳಗಾಗುವಷ್ಟರಲ್ಲಿ ಹೆಬ್ಬೆರಳಿನ ಗುರುತು ತುಕ್ಕಾಗಿ ನಿಂತಿರುತ್ತದೆ. ಕೈ ಬದಲಾದ ಹಾಗೆಲ್ಲ ಒಂದು ಸಲ ಒರೆಸಿ. ಪೀಚೆಕತ್ತಿಯನ್ನು ಮಾತ್ರ ಕೈಗೆ ಕೊಡಬೇಡಿ, ಬಟ್ಟೆಯ ಮೇಲಿಟ್ಟೇ ತೋರಿಸಿ.

ಆ ಕೊಂಬಿನ ಹಿಡಿಯ ಫೋಟೋ ಒಂದು ಕಳಿಸಿ. ಹಗಲು ಬೆಳಕಿನಲ್ಲಿ, ಹತ್ತಿರದಿಂದ, ಕತ್ತರಿಸಿದ ತುದಿ ಕಾಣುವ ಹಾಗೆ.